ಫ್ರೆಂಚ್ ಭಾಷೆಯ ಕರ್ಮಣಿ ಪ್ರಯೋಗವೂ ಶ್ರೀರಂಗಪಟ್ಟಣದ ಆಕರಗಳೂ

ಮಂಡ್ಯ ಜಿಲ್ಲೆಯ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಹಳಗನ್ನಡ, ಸಂಸ್ಕೃತ, ತಮಿಳು, ಪಾರಸಿಗಳ ಜೊತೆಗೆ ಫ್ರೆಂಚ್ ಭಾಷೆಯ ಪರಿಚಯವೂ ಇರಬೇಕೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಇಂದಿನ ಪಾಂಡವಪುರಕ್ಕೆ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರು ನಡೆದುಬಂದಿತ್ತೆಂಬುದನ್ನು ನೆನೆದರೆ ಈ ಆಶ್ಚರ್ಯ ಉಳಿಯದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದೇ ಆ ಹೆಸರಿಗೆ ಕಾರಣ. ಹೈದರನ ಸೈನ್ಯದಲ್ಲಿ ಕೆಲಸ ಮಾಡಿದ್ದ ಮೆಸ್ತ್ರ್ ದ ಲಾ ತೂರನು ೧೭೮೩ರಲ್ಲಿ ಅವನ ಚರಿತ್ರೆಯನ್ನು ಫ್ರೆಂಚಿನಲ್ಲಿ ಪ್ರಕಟಿಸಿದನು. ಶ್ರೀರಂಗಪಟ್ಟಣ ಬಿದ್ದ ಎರಡೇ ವರ್ಷಗಳಲ್ಲಿ, ಎಂದರೆ ೧೮೦೧ರಲ್ಲಿ, ಜೋಸೆಫ್ ಮಿಶೋ ಎಂಬ ಲೇಖಕನು ಮೈಸೂರು ರಾಜ್ಯದ ಏಳಿಗೆ ಮತ್ತು ಪತನಗಳನ್ನು ಕುರಿತ ಎರಡು ಸಂಪುಟಗಳ ಗ್ರಂಥವನ್ನು ಪ್ಯಾರಿಸಿನಲ್ಲಿ ಹೊರತಂದನು. ಇವುಗಳಲ್ಲದೆ ಪತ್ರಗಳು, ಘೋಷಣೆಗಳು, ವರದಿಗಳು ಹಲವಿವೆ.

ನಮ್ಮ ವಿದ್ಯಾರ್ಥಿಗಳು ಇವುಗಳನ್ನು ಓದುವುದು ಇಂಗ್ಲಿಷ್ ಭಾಷಾಂತರಗಳ ಮೂಲಕ. ಅನೇಕ ವೇಳೆ ಆ ಭಾಷಾಂತರಗಳನ್ನು ಮಾಡಿದವರು ಟಿಪ್ಪುವಿನ ಶತ್ರುಪಕ್ಷದವರು. ಈಚೆಗೆ ಕಾಲೇಜುಗಳಲ್ಲಿ ಫ್ರೆಂಚನ್ನು ಒಂದು ಭಾಷೆಯಾಗಿ ಕಲಿತು ಬರುವವರು ಇದ್ದಾರೆ. ಅವರು ಮೂಲಕ್ಕೆ ಹೋಗುವ ಧೈರ್ಯ ಮಾಡಿದಾಗ ಹೆಚ್ಚಾಗಿ ಎಡವುವುದು ಕರ್ಮಣಿ ಪ್ರಯೋಗದಲ್ಲಿ ಎಂಬುದು ತರಗತಿಯಲ್ಲಿ ಕಂಡ ಸಂಗತಿ. ಯಾರು ಮಾಡಿದರು, ಯಾವಾಗ ಮಾಡಿದರು, ಮಾಡಿದ್ದು ನಿಜವೋ ಕೇಳಿದ ಮಾತೋ ಎಂಬ ಮೂರು ಪ್ರಶ್ನೆಗಳೇ ಇತಿಹಾಸಕ್ಕೆ ಮುಖ್ಯ. ಈ ಮೂರಕ್ಕೂ ಉತ್ತರ ಅಡಗಿರುವುದು ಫ್ರೆಂಚ್ ಕರ್ಮಣಿಯ ಸಹಾಯಕ್ರಿಯೆಯ ರೂಪದಲ್ಲಿ ಮತ್ತು ಅದರ ಮುಂದೆ ಬರುವ ಅಥವಾ ಬಾರದಿರುವ ಕರ್ತೃಪದದಲ್ಲಿ. ವೈಯಾಕರಣನಲ್ಲದ ಒಬ್ಬ ಇತಿಹಾಸದ ಅಧ್ಯಾಪಕನು ಈ ವಿಷಯವನ್ನು ಕೈಗೆತ್ತಿಕೊಂಡಿರುವುದಕ್ಕೆ ಇಷ್ಟೇ ಸಮಾಧಾನ.

ಫ್ರೆಂಚ್ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಆದಷ್ಟು ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಆ ಭಾಷೆಯ ಅನುನಾಸಿಕ ಸ್ವರಗಳನ್ನು ನಮ್ಮ ಲಿಪಿ ಸರಿಯಾಗಿ ಹಿಡಿಯಲಾರದು. ಅವುಗಳನ್ನು ಸೊನ್ನೆಯಿಂದ ಸೂಚಿಸಿದ್ದೇನೆ. ಆದರೆ ನಮ್ಮ ಎಕಾರ ಏಕಾರಗಳ ಭೇದವು ಇಲ್ಲಿ ಒಂದು ದೊಡ್ಡ ಉಪಕಾರ ಮಾಡುತ್ತದೆ. ‘ಎತೆ’ ಎಂಬುದು ‘ಇತ್ತು’ ಎಂಬ ಅರ್ಥದ ಕ್ರಿಯಾರೂಪ. ‘ಎತೇ’ ಎಂಬುದು ಅದೇ ಧಾತುವಿನ ಭೂತಕೃದಂತ. ಇವೆರಡನ್ನು ಬೆರೆಸಿದರೆ ಮುಂದಿನ ವಿವೇಚನೆಯೆಲ್ಲ ಗೊಂದಲವಾಗುವುದು.

ರಚನೆಯ ಸೂತ್ರ ಸರಳವಾದುದು. ‘ಇರು’ ಎಂಬ ಅರ್ಥದ ‘ಎತ್ರ್’ ಧಾತುವನ್ನು ಬೇಕಾದ ಕಾಲದಲ್ಲಿಟ್ಟು, ಅದರ ಮುಂದೆ ಮುಖ್ಯ ಧಾತುವಿನ ಭೂತಕೃದಂತವನ್ನು ಇಟ್ಟರೆ ಕರ್ಮಣಿಯಾಯಿತು. ಕರ್ತರಿಯಲ್ಲಿ ಕರ್ಮವಾಗಿದ್ದುದು ಈಗ ಪ್ರಥಮೆಗೆ ಬರುತ್ತದೆ; ಕರ್ತೃ ಬೇಕಾದರೆ ‘ಪಾರ್’ ಎಂಬ ಅವ್ಯಯದೊಡನೆ, ಎಂದರೆ ನಮ್ಮ ತೃತೀಯೆಯಂತೆ, ಹಿಂದೆ ನಿಲ್ಲುತ್ತದೆ; ಬೇಡವಾದರೆ ಲೋಪವಾಗುತ್ತದೆ. ಕಾಲವನ್ನು ಹೇಳುವ ಹೊಣೆ ಪೂರ್ತಿಯಾಗಿ ‘ಎತ್ರ್’ನದು; ಕೃದಂತವು ಕಾಲಕ್ಕಾಗಿ ಎಂದೂ ಬದಲಾಗದು.

ಕನ್ನಡ ವಿದ್ಯಾರ್ಥಿಗೆ ಇದನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ‘ಅಲ್ಪಡು’ ಎಂಬ ನಮ್ಮ ರೂಪದ ಮೂಲಕ: ಕೊಲ್ಲಲ್ಪಟ್ಟನು, ಕಟ್ಟಲ್ಪಟ್ಟಿತು. ನನ್ನ ಅಭಿಪ್ರಾಯದಲ್ಲಿ ಈ ದಾರಿ ಸುತ್ತುದಾರಿ. ‘ಪಡು’ ಎಂಬುದಕ್ಕೆ ಮೂಲಾರ್ಥ ಅನುಭವಿಸು, ಹೊಂದು ಎಂದು. ದುಃಖಪಡು, ಸಂತೋಷಪಡು ಎಂಬಲ್ಲಿ ಆ ಅರ್ಥ ಸ್ಪಷ್ಟವಾಗಿದೆ. ‘ಕೊಲ್ಲಲ್’ ಎಂಬ ಅದರ ಹಿಂದಿನ ರೂಪಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಫ್ರೆಂಚಿನ ರಚನೆ ಹೀಗಲ್ಲ. ಅದಕ್ಕೆ ನಿಜವಾದ ಜೋಡಿ ನಮ್ಮಲ್ಲಿ ಇನ್ನೊಂದಿದೆ: ಹತನಾದನು, ಬಂಧಿತಳಾದಳು, ಪರಾಜಿತರಾದರು. ಇಲ್ಲಿ ಸಂಸ್ಕೃತದ ಕ್ತಪ್ರತ್ಯಯಾಂತ ಪದವು ‘ಆಗು’ ಅಥವಾ ‘ಇರು’ ಧಾತುವಿನೊಡನೆ ಸೇರಿದೆ. ಬಂಧಿತನಾದನು, ಬಂಧಿತಳಾದಳು, ಬಂಧಿತರಾದರು ಎಂದು ಕೃದಂತವೂ ಕ್ರಿಯೆಯೂ ಕೂಡಿ ಲಿಂಗವಚನಗಳನ್ನು ಅನುಸರಿಸುತ್ತವೆ. ಕಾಲಮಾತ್ರ ಸಹಾಯಕ್ರಿಯೆಯ ಮೇಲೆ ನಿಲ್ಲುತ್ತದೆ. ಈ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡ ಕನ್ನಡಿಗನಿಗೆ ಫ್ರೆಂಚ್ ಕರ್ಮಣಿ ಪರಕೀಯವೆನಿಸಲಾರದು. ಇಂಗ್ಲಿಷಿನ ಮೂಲಕ ಬರುವವನಿಗಿಂತ ಅವನು ಒಂದು ಹೆಜ್ಜೆ ಮುಂದೆಯೇ ಇದ್ದಾನೆ. ಏಕೆಂದರೆ ಇಂಗ್ಲಿಷಿನ ಕೃದಂತ ಯಾವುದಕ್ಕೂ ಬಾಗದು.

ಈ ಸಾಮ್ಯಕ್ಕೆ ಚಾರಿತ್ರಿಕ ಕಾರಣವೂ ಇದೆ. ಫ್ರೆಂಚಿನ ತಾಯಿಯಾದ ಲ್ಯಾಟಿನ್ ಭಾಷೆಯಲ್ಲಿ ವರ್ತಮಾನದ ಕರ್ಮಣಿಗೆ ‘ಕಾಪಿತುರ್’ (ಹಿಡಿಯಲ್ಪಡುತ್ತಾನೆ) ಎಂಬಂತಹ ಒಂದೇ ಪದದ ರೂಪವಿದ್ದಿತು. ಮುಗಿದುಹೋದ ಕ್ರಿಯೆಗೆ ಮಾತ್ರ ‘ಕಾಪ್ತುಸ್ ಎಸ್ತ್’ ಎಂದು ಕೃದಂತ ಮತ್ತು ಸಹಾಯಕ್ರಿಯೆಗಳ ಜೋಡಣೆ. ಸಂಸ್ಕೃತದ ‘ಹತಃ’ ಎಂಬುದರಂತೆಯೇ ಅದೂ ‘ಹಿಡಿಯಲ್ಪಟ್ಟನು’ ಎಂಬ ಅರ್ಥ ಕೊಡುತ್ತಿತ್ತು. ಕಾಲಕ್ರಮದಲ್ಲಿ ಮೊದಲಿನ ರೂಪ ಅಳಿಸಿಹೋಗಿ, ಎರಡನೆಯದು ಎಲ್ಲ ಕಾಲಗಳಿಗೂ ಹರಡಿತು. ಆದುದರಿಂದ ಫ್ರೆಂಚಿನ ‘ಎ ಪ್ರಿ’ ಎಂಬುದು ರೂಪದಲ್ಲಿ ಲ್ಯಾಟಿನ್ನಿನ ಭೂತಕಾಲದ ಸಂತಾನವಾದರೂ ಅರ್ಥದಲ್ಲಿ ವರ್ತಮಾನ. ಸಂಸ್ಕೃತ ಬಲ್ಲ ವಿದ್ಯಾರ್ಥಿಯು ಕ್ತಾಂತವನ್ನು ಕಂಡೊಡನೆ ಭೂತಕಾಲವೆಂದು ನಿರ್ಧರಿಸುವುದು ಸಹಜ; ಈ ಒಂದು ಕಡೆ ಅವನ ಸಂಸ್ಕೃತಜ್ಞಾನ ಅವನನ್ನು ತಪ್ಪು ದಾರಿಗೆ ಎಳೆಯುತ್ತದೆ.

ಇನ್ನು ಕಾಲಗಳಿಗೆ ಬರೋಣ. ‘ಹಿಡಿ, ವಶಪಡಿಸಿಕೊ’ ಎಂಬ ಅರ್ಥದ ಧಾತುವಿನ ಭೂತಕೃದಂತ ‘ಪ್ರಿ’, ಸ್ತ್ರೀಲಿಂಗದಲ್ಲಿ ‘ಪ್ರೀಜ್’. ‘ಲಾ ವಿಲ್’ ಎಂದರೆ ನಗರ. ಫ್ರೆಂಚಿನಲ್ಲಿ ನಗರ ಸ್ತ್ರೀಲಿಂಗ. ಶ್ರೀರಂಗಪಟ್ಟಣವನ್ನೇ ಆ ನಗರವೆಂದು ಇಟ್ಟುಕೊಳ್ಳೋಣ. ‘ಲಾ ವಿಲ್ ಎ ಪ್ರೀಜ್’ ಎಂದರೆ ನಗರವು ವಶವಾಗುತ್ತದೆ, ಅಥವಾ ವಶವಾಗಿದೆ. ಈ ದ್ವಂದ್ವವನ್ನು ಆಮೇಲೆ ನೋಡೋಣ. ಭೂತಕಾಲದಲ್ಲಿ ಫ್ರೆಂಚಿಗೆ ಹಲವು ಮೆಟ್ಟಿಲುಗಳಿವೆ. ‘ಎತೆ ಪ್ರೀಜ್’ ಎಂಬುದು ಆಂಪಾರ್ಫೆ ಎಂದು ಹೆಸರಾದ ಅಪೂರ್ಣಭೂತ. ‘ಫ್ಯು ಪ್ರೀಜ್’ ಎಂಬುದು ಪಾಸೇ ಸ್ಯಾಂಪ್ಲ್ ಎಂಬ ಸರಳಭೂತ, ಒಂದು ಸಲ ನಡೆದು ಮುಗಿದ ಘಟನೆ. ‘ಆ ಎತೇ ಪ್ರೀಜ್’ ಎಂಬುದು ಪಾಸೇ ಕೋಂಪೋಜೇ ಎಂಬ ಸಂಯುಕ್ತಭೂತ. ‘ಅವೆ ಎತೇ ಪ್ರೀಜ್’ ಎಂದರೆ ‘ಆ ವೇಳೆಗಾಗಲೇ ವಶವಾಗಿತ್ತು’. ಸರಳಭೂತದ ಒಂದು ವಾಕ್ಯಕ್ಕೆ ತೊಟ್ಟನೆ ಹಿಂದಿನ ಕ್ರಿಯೆಯನ್ನು ಹೇಳಬೇಕಾದಾಗ ‘ಯು ಎತೇ ಪ್ರೀಜ್’ ಎಂಬ ಇನ್ನೊಂದು ರೂಪವೂ ಹಳೆಯ ಚರಿತ್ರೆಗಳಲ್ಲಿ ಕಾಣುತ್ತದೆ: ನಗರವು ವಶವಾದೊಡನೆ ಇಂಥದು ನಡೆಯಿತು ಎಂಬಲ್ಲಿ. ಭವಿಷ್ಯತ್ತಿಗೆ ‘ಸರಾ ಪ್ರೀಜ್’. ಮುಂದೆ ಒಂದು ಹೊತ್ತಿಗೆ ಮುಗಿದಿರುವ ಕ್ರಿಯೆಗೆ ‘ಓರಾ ಎತೇ ಪ್ರೀಜ್’. ಕೊಂದಿಸ್ಯೊನೆಲ್ ಎಂಬ ಸಂಭಾವನಾರ್ಥದಲ್ಲಿ ‘ಸರೆ ಪ್ರೀಜ್’, ಅದರ ಭೂತದಲ್ಲಿ ‘ಓರೆ ಎತೇ ಪ್ರೀಜ್’. ಆಶೆ, ಭಯ, ವಿಧಿಗಳ ಹಿಂದೆ ಬರುವ ರೂಪ ‘ಸ್ವಾ ಪ್ರೀಜ್’. ನಿಷೇಧದ ‘ನ’ ಮತ್ತು ‘ಪಾ’ ಎಂಬ ಎರಡು ತುಣುಕುಗಳು ಸಹಾಯಕ್ರಿಯೆಯನ್ನು ಮಾತ್ರ ಸುತ್ತುವರಿಯುತ್ತವೆ: ‘ನ ಫ್ಯು ಪಾ ಪ್ರೀಜ್’. ಇಷ್ಟು ಉದ್ದದ ಪಟ್ಟಿಯಲ್ಲಿಯೂ ‘ಪ್ರೀಜ್’ ಒಂದೆಡೆಯೂ ಅಲುಗಲಿಲ್ಲವೆಂಬುದನ್ನು ಗಮನಿಸಬೇಕು.

ಈ ಮೆಟ್ಟಿಲುಗಳಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಅತ್ಯಂತ ಮುಖ್ಯವಾದುದು ‘ಎತೆ’ ಮತ್ತು ‘ಫ್ಯು’ಗಳ ಅಂತರ. ೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿತು. ಕೋಟೆ ಬೀಳುವ ಮೊದಲೇ ಸಂಧಿಯಾಯಿತು. ೧೭೯೯ರಲ್ಲಿ ಮಾರ್ಚ್ ೨೭ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯಕ್ಕೆ ಹಿನ್ನಡೆಯಾಗಿ, ಏಪ್ರಿಲಿನಲ್ಲಿ ಮುತ್ತಿಗೆ ನಡೆದು, ಮೇ ೪ರಂದು ಕೋಟೆ ಬಿದ್ದಿತು. ‘೧೭೯೨ರಲ್ಲಿ ಲಾ ವಿಲ್ ಎತೆ ಆಸ್ಯೇಜೇ’ ಎಂದರೆ ನಗರವು ಮುತ್ತಿಗೆಗೆ ಒಳಗಾಗಿತ್ತು, ಆ ಸ್ಥಿತಿಯಲ್ಲಿತ್ತು. ಅದರ ಹಿನ್ನೆಲೆಯಲ್ಲಿ ಬೇರೆ ಏನೋ ನಡೆಯಲಿದೆ. ‘ಲಾ ವಿಲ್ ಫ್ಯು ಆಸ್ಯೇಜೇ’ ಎಂದರೆ ಮುತ್ತಿಗೆಯೇ ಆ ವಾಕ್ಯದ ಘಟನೆ. ಇಂಗ್ಲಿಷ್ ಭಾಷಾಂತರಗಳಲ್ಲಿ ಎರಡಕ್ಕೂ ಒಂದೇ ರೂಪ ದೊರೆಯುವುದರಿಂದ, ಘಟನೆಗಳ ಅನುಕ್ರಮವನ್ನು ಕಟ್ಟುವವನು ಅವನ್ನೇ ನಂಬಿದರೆ ಹಿನ್ನೆಲೆಯನ್ನು ಘಟನೆಯೆಂದೂ ಘಟನೆಯನ್ನು ಹಿನ್ನೆಲೆಯೆಂದೂ ಎಣಿಸುವ ಅಪಾಯವುಂಟು. ಕನ್ನಡದಲ್ಲಿ ‘ಒಳಗಾಗಿತ್ತು’ ಮತ್ತು ‘ಒಳಗಾಯಿತು’ ಎಂದು ಬೇರ್ಪಡಿಸಬಹುದು. ಟಿಪ್ಪುವಿನ ಮೂವರು ರಾಯಭಾರಿಗಳು ೧೭೮೮ರ ಆಗಸ್ಟ್ ೧೦ರಂದು ವರ್ಸಾಯಿ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯ ದರ್ಶನ ಪಡೆದರು. ಆ ದಿನದ ಸಂಗತಿಗೆ ‘ಫ್ಯೂರ್ ರಸ್ಯು ಪಾರ್ ಲ ರ್ವಾ’, ದೊರೆಯಿಂದ ಸ್ವಾಗತಿತರಾದರು, ಎಂಬ ಸರಳಭೂತವೇ ಸಲ್ಲುತ್ತದೆ. ಅದನ್ನೇ ಆಂಪಾರ್ಫೆಯಲ್ಲಿ ಹೇಳಿದರೆ ದೊರೆಯು ಅವರನ್ನು ಆಗಾಗ ಬರಮಾಡಿಕೊಳ್ಳುತ್ತಿದ್ದನೆಂಬ ಅರ್ಥ ಬಂದುಬಿಡುವುದು.

ಭವಿಷ್ಯದ ರೂಪದಲ್ಲಿಯೂ ಒಂದು ಬಲೆಯಿದೆ. ಫ್ರೆಂಚ್ ಚರಿತ್ರಕಾರರು ೧೭೯೨ರ ಸಂಧಿಯನ್ನು ವರ್ಣಿಸುತ್ತ, ಏಳು ವರ್ಷಗಳ ಅನಂತರ ನಗರವು ‘ಸರಾ ಪ್ರೀಜ್’ ಎಂದು ಬರೆಯಬಹುದು. ಇದು ಭವಿಷ್ಯವಾಣಿಯಲ್ಲ, ವರ್ಣಿಸುತ್ತಿರುವ ಕಾಲದಲ್ಲಿ ನಿಂತು ಮುಂದಕ್ಕೆ ನೋಡುವ ಒಂದು ನಿರೂಪಣಾಕ್ರಮ. ನಡೆದುಹೋದ ಸಂಗತಿಗೆ ಭವಿಷ್ಯತ್ಪ್ರಯೋಗವನ್ನು ಕಂಡು ಗ್ರಂಥವನ್ನು ೧೭೯೯ಕ್ಕಿಂತ ಹಿಂದೆ ಬರೆದಿರಬೇಕೆಂದು ತರ್ಕಿಸಿದರೆ ನಗೆಪಾಟಲಾಗುವುದು.

ಸಂಯುಕ್ತಭೂತಕ್ಕೆ ನಮ್ಮ ಊರಿನ ಸಂಬಂಧವುಳ್ಳ ಒಂದು ಪ್ರಸಿದ್ಧ ನಿದರ್ಶನವಿದೆ. ೧೭೯೯ರ ಜನವರಿಯ ಕೊನೆಯ ವಾರದಲ್ಲಿ ನೆಪೋಲಿಯನ್ ಬೋನಪಾರ್ತನು ಕೈರೋ ನಗರದಿಂದ ಟಿಪ್ಪು ಸುಲ್ತಾನನಿಗೆ ಒಂದು ಸಣ್ಣ ಪತ್ರ ಬರೆದನು. ಅದು ಆಂಗ್ಲರ ಕೈಗೆ ಸಿಕ್ಕಿ, ಶ್ರೀರಂಗಪಟ್ಟಣವನ್ನು ತಲುಪಲೇ ಇಲ್ಲ. ಪತ್ರದ ಮೊದಲ ಕ್ರಿಯಾಪದವೇ ಕರ್ಮಣಿ: ‘ಅವೇ ದೇಜಾ ಎತೇ ಆಂಸ್ತ್ರುಯಿ’. ತಾನು ಕೆಂಪುಸಮುದ್ರದ ತೀರಕ್ಕೆ ಬಂದಿರುವ ಸಂಗತಿ ಸುಲ್ತಾನನಿಗೆ ಈಗಾಗಲೇ ತಿಳಿಸಲ್ಪಟ್ಟಿದೆ ಎಂದು ತಾತ್ಪರ್ಯ. ‘ದೇಜಾ’ ಎಂದರೆ ಈಗಾಗಲೇ; ಅದು ಎರಡು ಸಹಾಯಕ್ರಿಯೆಗಳ ನಡುವೆ ಕುಳಿತಿದೆ. ಸರಳಭೂತವನ್ನು ಬಿಟ್ಟು ಸಂಯುಕ್ತಭೂತವನ್ನು ಬಳಸಿರುವುದು ಸಕಾರಣವಾಗಿದೆ. ನಡೆದುಹೋದ ಕಥೆಯನ್ನು ಹೇಳುವುದು ಇಲ್ಲಿನ ಉದ್ದೇಶವಲ್ಲ. ಎದುರಿಗಿರುವವನೊಡನೆ ಮಾತನಾಡುತ್ತ, ‘ನಿಮಗೆ ತಿಳಿದಿದೆ, ಆದುದರಿಂದ ಮುಂದಿನದನ್ನು ಮಾಡಿ’ ಎಂಬ ಇಂದಿನ ಫಲವನ್ನು ಸೂಚಿಸುವುದು ಉದ್ದೇಶ. ಆದರೆ ಯಾರು ತಿಳಿಸಿದರು? ವಾಕ್ಯ ಹೇಳುವುದಿಲ್ಲ. ಸುಲ್ತಾನನಿಗೆ ನಿಜವಾಗಿ ಸುದ್ದಿ ಮುಟ್ಟಿದೆಯೆಂದು ಬರೆಯುವವನಿಗೆ ಗೊತ್ತಿತ್ತೋ, ಮುಟ್ಟಿರಬೇಕೆಂಬ ಊಹೆಯನ್ನು ಸಂಗತಿಯಂತೆ ನುಡಿದನೋ ಎಂಬುದನ್ನು ಈ ಕರ್ತೃಲೋಪ ಮುಚ್ಚಿಡುತ್ತದೆ. ರಾಜತಂತ್ರದ ಪತ್ರಗಳಲ್ಲಿ ಕರ್ಮಣಿಗೆ ಇರುವ ಪ್ರೀತಿಗೆ ಇದೇ ಮೂಲವಿರಬೇಕು.

ಅದೇ ವಾಕ್ಯದಲ್ಲಿ ತನ್ನ ಸೈನ್ಯವನ್ನು ಅವನು ವರ್ಣಿಸುವಾಗ ‘ರಾಂಪ್ಲೀ’ (ತುಂಬಿದ) ಎಂಬ ಕೃದಂತ ಬರುತ್ತದೆ. ಸೈನ್ಯ, ಎಂದರೆ ‘ಆರ್ಮೇ’, ಸ್ತ್ರೀಲಿಂಗವಾದುದರಿಂದ ಈ ಕೃದಂತವೂ ಬರವಣಿಗೆಯಲ್ಲಿ ಸ್ತ್ರೀಲಿಂಗದ ಅಕ್ಷರವನ್ನು ಧರಿಸುತ್ತದೆ; ‘ಆಂಸ್ತ್ರುಯಿ’ ಎಂಬುದು ಸುಲ್ತಾನನಿಗೆ ಅನ್ವಯಿಸುವುದರಿಂದ ಪುಲ್ಲಿಂಗ. ಸಂಬೋಧನೆ ಗೌರವದ ಬಹುವಚನವಾಗಿದ್ದರೂ ಕೃದಂತ ಏಕವಚನದಲ್ಲಿಯೇ ನಿಂತಿದೆ; ಏಕೆಂದರೆ ವ್ಯಕ್ತಿ ಒಬ್ಬನೇ. ‘ತಾವು ಬಂಧಿತರಾದಿರಿ’ ಎಂದು ಒಬ್ಬರಿಗೇ ಹೇಳುವಾಗಲೂ ಕೃದಂತವನ್ನು ಬಹುವಚನಕ್ಕೆ ಏರಿಸುವ ಕನ್ನಡಿಗರು ಇಲ್ಲಿ ಎಚ್ಚರದಿಂದಿರಬೇಕು. ‘ಎತೇ’ ಎಂಬ ನಡುವಿನ ಕೃದಂತಕ್ಕಾದರೋ ಲಿಂಗವಚನಗಳ ಬಾಧೆಯೇ ಇಲ್ಲ. ಆ ಪತ್ರದ ಗತಿಯನ್ನು ಫ್ರೆಂಚಿನಲ್ಲಿ ಹೇಳಬೇಕಾದರೆ ‘ಲಾ ಲೆತ್ರ್ ಆ ಎತೇ ಆಂತೆರ್ಸೆಪ್ತೇ’ ಎನ್ನಬೇಕು, ಪತ್ರವೂ ಸ್ತ್ರೀಲಿಂಗ. ಈ ಅನ್ವಯದ ಎಷ್ಟೋ ಭಾಗ ಕಿವಿಗೆ ಕೇಳದು, ಕಣ್ಣಿಗೆ ಮಾತ್ರ ಕಾಣುತ್ತದೆ. ಆದುದರಿಂದ ಹಸ್ತಪ್ರತಿಯನ್ನು ನಕಲು ಮಾಡುವವರು ಕೊನೆಯ ಅಕ್ಷರವನ್ನು ಬಿಡಬಾರದು. ಒಂದು ವಿಶೇಷಣವು ಸುಲ್ತಾನನಿಗೆ ಸೇರಿದ್ದೋ ಅವನ ಸೈನ್ಯಕ್ಕೆ ಸೇರಿದ್ದೋ ಎಂಬ ನಿರ್ಣಯ ಕೆಲವೊಮ್ಮೆ ಆ ಒಂದು ಅಕ್ಷರದಿಂದಲೇ ಆಗಬೇಕಾಗುತ್ತದೆ.

ವರ್ತಮಾನದ ದ್ವಂದ್ವವೆಂದು ಮೇಲೆ ಬಿಟ್ಟುದನ್ನು ಈಗ ನೋಡೋಣ. ‘ಲಾ ಕಾನ್ ಎ ಕೂಪೇ’ ಎಂಬ ವಾಕ್ಯವನ್ನು ಮಂಡ್ಯದ ಗದ್ದೆಯ ಬದುವಿನ ಮೇಲೆ ನಿಂತು ಹೇಳಿದರೆ, ಕಬ್ಬು ಕಟಾವಾಗುತ್ತದೆ ಎಂಬ ಅರ್ಥವೂ ಆಗಬಹುದು, ಕಬ್ಬು ಕಟಾವಾಗಿ ಬಿದ್ದಿದೆ ಎಂಬ ಅರ್ಥವೂ ಆಗಬಹುದು. ಮೊದಲನೆಯದು ಕ್ರಿಯೆ, ಎರಡನೆಯದು ಸ್ಥಿತಿ. ಕನ್ನಡವು ಇದನ್ನು ‘ಆಗು’ ಮತ್ತು ‘ಇರು’ ಎಂಬ ಎರಡು ಧಾತುಗಳಿಂದ ಬಿಡಿಸಿಕೊಂಡಿದೆ. ‘ಕಡ್ದಾಯ್ತು’ ಎಂದು ನಮ್ಮ ರೈತನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಫ್ರೆಂಚಿಗೆ ಎರಡಕ್ಕೂ ‘ಎತ್ರ್’ ಒಂದೇ. ನಿರ್ಣಯಿಸುವ ಉಪಾಯವೆಂದರೆ ಕರ್ತೃವನ್ನು ಹುಡುಕುವುದು. ‘ಕೂಲಿಗಳಿಂದ’ ಎಂಬ ‘ಪಾರ್’ ಸಹಿತವಾದ ಪದವಿದ್ದರೆ ಕ್ರಿಯೆ. ಇಲ್ಲದಿದ್ದರೆ ಬಹುಮಟ್ಟಿಗೆ ಸ್ಥಿತಿ. ಭೂತಕಾಲದಲ್ಲಿ ಈ ತೊಡಕು ಕಡಿಮೆ. ಅಲ್ಲಿ ‘ಎತೆ’ ಸ್ಥಿತಿಯ ಕಡೆಗೂ ‘ಫ್ಯು’ ಘಟನೆಯ ಕಡೆಗೂ ವಾಲುತ್ತವೆ.

ಕರ್ತೃವಿನ ವಿಚಾರ ಇನ್ನೂ ಆಳವಾದುದು. ಪ್ರೀತಿ, ಭಯ, ಪರಿಚಯ, ಸುತ್ತುವರಿಯುವಿಕೆ ಮೊದಲಾದ ಭಾವ ಅಥವಾ ಸ್ಥಿತಿಗಳಲ್ಲಿ ‘ಪಾರ್’ ಬದಲು ‘ದ’ ಬರುವುದುಂಟು. ನೆಪೋಲಿಯನ್ನನ ‘ರಾಂಪ್ಲೀ’ ಎಂಬುದರ ಮುಂದೆಯೂ ‘ದ’ ಇದೆ. ಈ ನಿಯಮ ಸುಲಭ. ಕಷ್ಟವಿರುವುದು ‘ಪಾರ್’ ಎಂದು ಸ್ಪಷ್ಟವಾಗಿ ಹೇಳಿದಾಗಲೂ ಆ ಕರ್ತೃ ಎಂಥವನು ಎಂಬಲ್ಲಿ. ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು ೧೨೩೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಹರಿಹರನು ಕಟ್ಟಿಸಿದನು. ಫ್ರೆಂಚಿನಲ್ಲಿ ಇದನ್ನು ‘ಫ್ಯು ಕೋಂಸ್ತ್ರುಯಿ ಪಾರ್ ಹರಿಹರ’ ಎಂದು ಬರೆದರೆ ತಪ್ಪಲ್ಲ. ಆದರೆ ಕಟ್ಟಿದವನಿಗೂ ಕಟ್ಟಿಸಿದವನಿಗೂ ಇರುವ ಭೇದ ಅಲ್ಲಿ ಅಳಿಸಿಹೋಗುತ್ತದೆ. ಭೇದ ಬೇಕಾದರೆ ‘ಫಿ ಕೋಂಸ್ತ್ರುಯೀರ್’ ಎಂಬ ಪ್ರೇರಣಾರ್ಥಕ ಕರ್ತರಿಗೆ ಹೋಗಬೇಕು. ಒಂದು ‘ಇಸು’ ಪ್ರತ್ಯಯದಿಂದ ಶಿಲ್ಪಿಯನ್ನೂ ದಾನಿಯನ್ನೂ ಬೇರೆ ಮಾಡುವ ಕನ್ನಡದ ಸೌಲಭ್ಯ ದೊಡ್ಡದು. ‘ಹರಿಹರನಿಂದ ಕಟ್ಟಲ್ಪಟ್ಟಿತು’ ಎಂದು ಪಠ್ಯಪುಸ್ತಕಗಳು ಬರೆಯುವಾಗ ನಾವೇ ಆ ಸೌಲಭ್ಯವನ್ನು ಕೈಬಿಡುತ್ತಿದ್ದೇವೆ.

ಯುದ್ಧಗಳ ದಾಖಲೆಗಳಲ್ಲಿ ಇದರ ಪರಿಣಾಮ ಗುರುತರ. ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನ (ಕ್ರಿ.ಶ. ೯೪೯-೫೦), ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗ ಬೂತುಗನೆಂದು ಹೇಳುತ್ತದೆ. ಚೋಳರ ಲೈಡನ್ ತಾಮ್ರಪಟಗಳ ಸಂಸ್ಕೃತ ಭಾಗವಾದರೋ ರಾಜಾದಿತ್ಯನು ಆನೆಯ ಮೇಲೆ ಕೃಷ್ಣರಾಜನ ಬಾಣಗಳಿಂದ ಎದೆ ಸೀಳಿ ಮಡಿದನೆನ್ನುತ್ತದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬೂತುಗನ ಒಡೆಯ. ಸೋತ ವಂಶದವರಿಗೆ ತಮ್ಮ ರಾಜಕುಮಾರನು ಚಕ್ರವರ್ತಿಯ ಬಾಣದಿಂದಲೇ ಮಡಿದನೆಂಬುದು ಗೌರವದ ಮಾತು. ಗಂಗರ ನಾಡಿನ ಕಲ್ಲಿಗೆ ಬೂತುಗನೇ ಮುಖ್ಯ. ‘ಇಂಥವನಿಂದ ಹತನಾದನು’ ಎಂಬ ತೃತೀಯಾಂತ ಪದವನ್ನು ಕಂಡಾಗ, ಅದು ಆಯುಧ ಹಿಡಿದ ಕೈಯೋ ಆ ಕೈಗೆ ಒಡೆಯನಾದವನ ಹೆಸರೋ ಎಂದು ಯಾವ ಭಾಷೆಯಲ್ಲಿಯಾದರೂ ಕೇಳಿಕೊಳ್ಳಬೇಕೆಂಬುದಕ್ಕೆ ಈ ಎರಡು ಶಾಸನಗಳು ಸಾಕು.

ಆತಕೂರಿನ ಕಲ್ಲಿನಲ್ಲಿಯೇ ವ್ಯಾಕರಣದ ಇನ್ನೊಂದು ಸ್ವಾರಸ್ಯವನ್ನು ತೋರಿಸಬಹುದು. ಬೂತುಗನ ವೀರನಾದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ‘ಕಾಳಿ’ ಎಂಬ ನಾಯಿಯೂ ಒಂದು ಕಾಡುಹಂದಿಯೂ ಪರಸ್ಪರ ಹೋರಾಡಿ ಮಡಿದ ಕಥೆ ಅಲ್ಲಿದೆ. ಇಂದಿನ ಕನ್ನಡದಲ್ಲಿ ‘ಕಾಳಿ ಕೊಂದ ಹಂದಿ’ ಎಂದರೆ ಕೊಂದದ್ದು ಯಾವುದು? ದ್ವಿತೀಯಾ ಪ್ರತ್ಯಯವನ್ನು ಬಿಟ್ಟು ಹೇಳುವ ರೂಢಿ ಇರುವುದರಿಂದ ಎರಡು ಅರ್ಥಕ್ಕೂ ಅವಕಾಶವುಂಟು. ‘ಕೊಂದ’ ಎಂಬ ನಮ್ಮ ಕೃದ್ವಾಚಿಗೆ ಕರ್ತರಿ ಕರ್ಮಣಿಗಳ ಭೇದವಿಲ್ಲ. ಫ್ರೆಂಚಿನ ‘ಸಾಂಗ್ಲಿಯೇ ತ್ಯುಏ’ ಎಂಬಲ್ಲಿ ಸಂಶಯಕ್ಕೆ ಎಡೆಯಿಲ್ಲ, ಸತ್ತದ್ದು ಹಂದಿಯೇ. ಸಹಾಯಕ್ರಿಯೆಯಿಲ್ಲದೆ ವಿಶೇಷಣವಾಗಿ ಬಂದರೂ ಸಕರ್ಮಕ ಧಾತುವಿನ ಭೂತಕೃದಂತ ಕರ್ಮಾರ್ಥವನ್ನು ಬಿಡುವುದಿಲ್ಲ. ಇಂಥ ಪದಗಳನ್ನು ಕನ್ನಡಕ್ಕೆ ತರುವಾಗ ಪ್ರತ್ಯಯವನ್ನು ಉಳಿಸಿಕೊಳ್ಳುವುದು ಕ್ಷೇಮ.

ಕರ್ತೃಲೋಪವು ಯಾವಾಗಲೂ ಕಪಟವೆಂದು ಭಾವಿಸಬಾರದು. ಟಿಪ್ಪು ಸುಲ್ತಾನನು ಕೋಟೆಯ ಬಾಗಿಲ ಬಳಿ ಮಡಿದನು. ರಾತ್ರಿ ಹೆಣಗಳ ರಾಶಿಯಲ್ಲಿ ಅವನ ದೇಹ ದೊರೆಯಿತು. ಅವನನ್ನು ಹೊಡೆದ ಸಿಪಾಯಿ ಯಾರೆಂಬುದು ಖಚಿತವಾಗಿ ಗೊತ್ತಾಗಲಿಲ್ಲ. ಇಲ್ಲಿ ‘ಫ್ಯು ತ್ಯುಏ’ (ಹತನಾದನು) ಎಂಬ ಕರ್ತೃರಹಿತ ಕರ್ಮಣಿಗಿಂತ ಪ್ರಾಮಾಣಿಕವಾದ ವಾಕ್ಯ ಬೇರೆಯಿಲ್ಲ. ಇದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ೧೭೯೭ರಲ್ಲಿ ರಿಪೋ ಎಂಬ ನಾವಿಕನ ಮುಂದಾಳುತನದಲ್ಲಿ ನಡೆಸಿದರೆನ್ನಲಾದ ಜಾಕೋಬಿನ್ ಸಂಘದ ಸಂಗತಿಯನ್ನು ನೋಡಿ. ಸ್ವಾತಂತ್ರ್ಯವೃಕ್ಷವು ‘ನೆಡಲ್ಪಟ್ಟಿತು’ ಎಂಬ ಮಾತು ಗ್ರಂಥದಿಂದ ಗ್ರಂಥಕ್ಕೆ ನಡೆದುಬಂದಿದೆ. ನೆಟ್ಟವರು ಸಂಘದವರೋ, ಸುಲ್ತಾನನ ಅನುಮತಿ ಇತ್ತೋ, ಅವನು ಅದರಲ್ಲಿ ಭಾಗಿಯಾಗಿದ್ದನೋ ಎಂಬ ಪ್ರಶ್ನೆಗಳನ್ನು ಕರ್ಮಣಿ ನುಂಗಿದೆ. ಸಂಘದ ನಡವಳಿಯ ಕಾಗದಗಳನ್ನು ಕೋಟೆ ಬಿದ್ದ ಮೇಲೆ ಪ್ರಕಟಿಸಿದವರು ಆಂಗ್ಲರು. ಅವುಗಳ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹೀಗಿರುವಾಗ ಕರ್ತೃವಿಲ್ಲದ ವಾಕ್ಯಕ್ಕೆ ನಾವೇ ಒಬ್ಬ ಕರ್ತೃವನ್ನು ಒದಗಿಸಿಕೊಡುವುದು ಸ್ವಲ್ಪವೂ ಯುಕ್ತವಲ್ಲ.

ಇದಕ್ಕೆ ಹತ್ತಿರವಾದ ಇನ್ನೊಂದು ಎಚ್ಚರಿಕೆ ಸಂಭಾವನಾರ್ಥದ ರೂಪದ ಬಗ್ಗೆ. ‘ಓರೆ ಎತೇ ತ್ಯುಏ’ ಎಂಬುದನ್ನು ವ್ಯಾಕರಣಗಳು ‘ಕೊಲ್ಲಲ್ಪಡುತ್ತಿದ್ದನು’ ಎಂದು, ಷರತ್ತಿನ ಅರ್ಥದಲ್ಲಿ, ವಿವರಿಸುತ್ತವೆ: ಇಂಥದು ನಡೆದಿದ್ದರೆ ಹೀಗಾಗುತ್ತಿತ್ತು ಎಂದು. ಆದರೆ ಫ್ರೆಂಚ್ ಲೇಖಕರೂ ಪತ್ರಿಕೆಗಳೂ ಇದೇ ರೂಪವನ್ನು ಹೊಣೆ ಹೊರಲು ಇಷ್ಟಪಡದ ಸುದ್ದಿಗೆ ಬಳಸುತ್ತಾರೆ. ಸುಲ್ತಾನನು ಒಬ್ಬ ಸಿಪಾಯಿಯಿಂದ ‘ಓರೆ ಎತೇ ತ್ಯುಏ’ ಎಂದರೆ ‘ಹತನಾದನಂತೆ’ ಎಂದರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಕ್ರಿಯಾರೂಪವಿಲ್ಲದುದರಿಂದ ಭಾಷಾಂತರಕಾರರು ಬೇರೆ ಪದಗಳನ್ನು ಹುಡುಕಬೇಕಾಗುತ್ತದೆ, ಅಲಕ್ಷ್ಯವಿದ್ದರೆ ಬಿಟ್ಟುಬಿಡುತ್ತಾರೆ. ಆಗ ಗಾಳಿಮಾತು ದಾಖಲೆಯಾಗಿ ಕೂರುತ್ತದೆ. ನಮ್ಮ ‘ಅಂತೆ’ ಎಂಬ ಎರಡಕ್ಷರ ಇಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಭಾಷಾಂತರಕ್ಕೆ ಕುಳಿತವರೇ ಬಲ್ಲರು.

ಫ್ರೆಂಚರು ಕರ್ಮಣಿಯನ್ನು ನಮ್ಮ ಇಂಗ್ಲಿಷ್ ಪ್ರಭಾವಿತ ಗದ್ಯದಷ್ಟು ಧಾರಾಳವಾಗಿ ಬಳಸುವುದಿಲ್ಲವೆಂಬುದನ್ನೂ ಹೇಳಬೇಕು. ಕರ್ತೃ ಅನಿರ್ದಿಷ್ಟವಾಗಿದ್ದಾಗ ಅವರು ‘ಓಂ’ ಎಂಬ ಸರ್ವನಾಮದಿಂದ ಕರ್ತರಿಯಲ್ಲಿಯೇ ನುಡಿಯುತ್ತಾರೆ. (ಲಿಪಿಯಲ್ಲಿ ಪ್ರಣವದಂತೆ ಕಂಡರೂ ಇದರ ಅರ್ಥ ‘ಯಾರೋ, ಜನರು’ ಎಂದಷ್ಟೆ.) ‘ಓಂ ಪ್ರಿ ಲಾ ವಿಲ್’ ಎಂದರೆ ನಗರವನ್ನು ಹಿಡಿದರು. ‘ಹಿಡಿದರು’ ಎಂಬ ಈ ಕರ್ತೃರಹಿತ ಬಹುವಚನ ನಮ್ಮ ಆಡುನುಡಿಯ ಜೀವಾಳ. ಗ್ರಾಂಥಿಕದಲ್ಲಿ ‘ನಗರವನ್ನು ಹಿಡಿಯಲಾಯಿತು’ ಎಂಬ ರೂಪವೂ ಇದಕ್ಕೆ ಸಮೀಪ. ಅದನ್ನು ಕರ್ಮಣಿಯೆಂದು ಬೋಧಿಸುವುದುಂಟು. ಆದರೆ ‘ನಗರವನ್ನು’ ಎಂಬ ದ್ವಿತೀಯೆ ಅಲ್ಲಿ ಹಾಗೆಯೇ ಉಳಿದಿರುವುದರಿಂದ ಅದು ‘ಫ್ಯು ಪ್ರೀಜ್’ಗಿಂತ ‘ಓಂ ಪ್ರಿ’ಗೆ ಹೆಚ್ಚು ಸರಿಹೊಂದುತ್ತದೆ. ಕನ್ನಡದಿಂದ ಫ್ರೆಂಚಿಗೆ ಅನುವಾದಿಸುವ ವಿದ್ಯಾರ್ಥಿಗಳು ‘ಲಾಯಿತು’ ಕಂಡಲ್ಲೆಲ್ಲ ‘ಎತ್ರ್’ ತರುವ ಅಗತ್ಯವಿಲ್ಲ.

‘ಸ’ ಎಂಬ ಆತ್ಮಾರ್ಥಕ ಸರ್ವನಾಮದ ಪ್ರಯೋಗ ಇನ್ನೊಂದು. ‘ಲ ಸ್ಯುಕ್ರ್ ಸ ವಾಂ’ ಎಂದರೆ ಸಕ್ಕರೆ ಮಾರಾಟವಾಗುತ್ತದೆ. ಮಾರುವವನ ಹೆಸರನ್ನು ಇದಕ್ಕೆ ‘ಪಾರ್’ನಿಂದ ಸೇರಿಸುವಂತಿಲ್ಲ. ಕಟ್ಟೆಯ ವಿಷಯದಲ್ಲಿ ‘ಸೆ ರೋಂಪ್ಯು’ ಎಂದರೆ ತಾನೇ ಒಡೆಯಿತು. ‘ಆ ಎತೇ ರೋಂಪ್ಯು’ ಎಂದರೆ ಯಾರೋ ಒಡೆದರು. ‘ಕೆರೆ ಒಡೆಯಿತು’ ಎಂಬುದಕ್ಕೂ ‘ಕೆರೆಯನ್ನು ಒಡೆದರು’ ಎಂಬುದಕ್ಕೂ ಇರುವ ಅಂತರ ಕಾವೇರಿ ಬಯಲಿನವರಿಗೆ ವಿವರಿಸಬೇಕಾದುದಲ್ಲ. ಸೈನ್ಯಗಳು ಹಾದುಹೋದ ವರ್ಷಗಳ ವರದಿಗಳನ್ನು ಓದುವಾಗ ಈ ಎರಡು ರೂಪಗಳಲ್ಲಿ ಯಾವುದಿದೆಯೆಂದು ಮೂಲದಲ್ಲಿಯೇ ನೋಡಬೇಕು.

ಕೊನೆಯದಾಗಿ, ಎಲ್ಲ ಧಾತುಗಳಿಗೂ ಕರ್ಮಣಿಯಿಲ್ಲ. ದ್ವಿತೀಯಾಂತ ಕರ್ಮ ಮಾತ್ರ ಪ್ರಥಮೆಗೆ ಏರಬಲ್ಲುದು, ಚತುರ್ಥಿ ಏರಲಾರದು. ಲೂಯಿ ದೊರೆಯು ಟಿಪ್ಪುವಿನ ರಾಯಭಾರಿಗಳ ಮೂಲಕ ಸೆವ್ರ್ ಪಿಂಗಾಣಿಯ ಉಡುಗೊರೆಗಳನ್ನು ಕಳುಹಿಸಿದನು. ‘ಉಡುಗೊರೆಗಳು ರಾಯಭಾರಿಗಳಿಗೆ ಕೊಡಲ್ಪಟ್ಟವು’ ಎಂದು ಫ್ರೆಂಚಿನಲ್ಲಿ ಹೇಳಬಹುದು. ರಾಯಭಾರಿಗಳನ್ನೇ ಪ್ರಥಮೆಗೆ ತಂದು ಅವರು ‘ಕೊಡಲ್ಪಟ್ಟರು’ ಎನ್ನುವ ಇಂಗ್ಲಿಷಿನ ಕ್ರಮ ಅಲ್ಲಿ ಸಲ್ಲದು. ಕನ್ನಡದಲ್ಲಿಯೂ ಸಲ್ಲದು, ಹಾಗೆಂದರೆ ರಾಯಭಾರಿಗಳನ್ನೇ ಯಾರಿಗೋ ದಾನ ಮಾಡಿದಂತಾಗುವುದು. ‘ವಿಧೇಯನಾಗು’ ಎಂಬ ಅರ್ಥದ ‘ಒಬೇಯೀರ್’ ಧಾತುವೊಂದು ಹಳೆಯ ರೂಢಿಯಿಂದ ಈ ನಿಯಮವನ್ನು ಮೀರಿ, ಕರ್ತರಿಯಲ್ಲಿ ಚತುರ್ಥಿಯನ್ನು ಬೇಡಿದರೂ ಕರ್ಮಣಿಗೆ ಒಪ್ಪುತ್ತದೆ. ‘ಕ್ಷಮಿಸು’ ಎಂಬ ಅರ್ಥದ ‘ಪಾರ್ದೊನೇ’ ಧಾತುವೂ ಹಾಗೆಯೇ. ಸೇನಾಪತಿಗಳ ಪತ್ರಗಳಲ್ಲಿ ಆಜ್ಞೆಗಳ ಪ್ರಸ್ತಾಪ ಹೆಚ್ಚಾದುದರಿಂದ ಮೊದಲನೆಯದು ಆಗಾಗ ಎದುರಾಗುವ ಸಂಭವವುಂಟು.